ಏಳನೆಯ ವಿಷಯ

೨ ಜೂನ್

ಗೆರೆಯಮ್ಮನಿಗೆ,

ಮೂರು ವರ್ಷದ ಮೇಲೆ ಬರೆಯುತ್ತಿದ್ದೇನೆ. ಕ್ಷೇಮ ಸಮಾಚಾರ ಆಮೇಲೆ, ಮೊದಲು ಲೆಕ್ಕ. ಫೋನ್ ಮಾಡಬಹುದಿತ್ತು. ಮಾಡಿದರೆ ನೀನು “ಇಲ್ಲಿ ಬಿಸಿಲು ಜಾಸ್ತಿ” ಅನ್ನುತ್ತೀಯ, ನಾನು “ಇಲ್ಲೂ ಹಾಗೇ” ಅನ್ನುತ್ತೇನೆ, ಇಬ್ಬರೂ ಇಟ್ಟುಬಿಡುತ್ತೇವೆ. ಲೆಕ್ಕ ಕಾಗದದ ಮೇಲೇ ಆಗಬೇಕು.

ನವೆಂಬರಿನಲ್ಲಿ ಮತ್ತೆ ಲಿಫ್ಟ್ ಇನ್ಸ್‌ಪೆಕ್ಟರ್ ಪರೀಕ್ಷೆ. ಮೂರೇ ಅವಕಾಶ ಎಂಬ ನಿಯಮ ನಿನಗೆ ಗೊತ್ತು. ಮೊದಲನೆಯದನ್ನು ನಿನ್ನ ಜೊತೆ ಬರೆದು ಕಳೆದುಕೊಂಡೆ, ಎರಡನೆಯದನ್ನು ಹೋದ ವರ್ಷ ಒಬ್ಬಳೇ ಕಳೆದುಕೊಂಡೆ. ಇದು ಕೊನೆಯದು. ಇದೂ ಹೋದರೆ ರಿಟೈರ್ ಆಗುವ ತನಕ ಕಟ್ಟಡದ ನೆತ್ತಿಯ ಮೆಷಿನ್ ರೂಮುಗಳಲ್ಲಿ ಹಗ್ಗಕ್ಕೆ ಗ್ರೀಸು ಬಳಿಯುತ್ತಾ, ಯಾರೋ ತಪಾಸಣೆ ಮಾಡಿ ಸಹಿ ಹಾಕುವುದನ್ನು ಪಕ್ಕದಲ್ಲಿ ನಿಂತು ನೋಡಬೇಕು. ಮಂಡಿ ಈಗಲೇ ಮೆಟ್ಟಿಲು ಹತ್ತುವಾಗ ಮಾತಾಡುತ್ತದೆ.

ತೊಂದರೆ ಕೊಡುತ್ತಿರುವುದು ಅನ್ವಯಿಕ ಗಣಿತದ ಪೇಪರು ಒಂದೇ. ಅದರಲ್ಲಿ ಏನೂ ಬದಲಾಗಿಲ್ಲ: ಹತ್ತು ವಿಷಯ, ಅವುಗಳಲ್ಲಿ ಎಂಟರಿಂದ ಒಂದೊಂದು ಪ್ರಶ್ನೆ, ಐದಕ್ಕೆ ಉತ್ತರ, ನೂರಕ್ಕೆ ಎಪ್ಪತ್ತು ಬಂದರೆ ಪಾಸು. ಹೋದ ವರ್ಷ ಆರು ವಿಷಯ ಓದಿದ್ದೆ. ಸಮತೋಲ, ಚಲನೆ, ಸಂಭವನೀಯತೆ, ಸರದಿ ಸಾಲು, ಅಂದಾಜು ವಿಧಾನ, ಗರಿಷ್ಠ-ಕನಿಷ್ಠ. ಬಿಟ್ಟುಹೋಗುವ ಎರಡೂ ನನ್ನ ಆರರಲ್ಲೇ ಇರುವ ಸಂಭವ ನಲವತ್ತೈದರಲ್ಲಿ ಹದಿನೈದು. ಮೂರರಲ್ಲಿ ಒಂದು ಪಾಲು ಅಲ್ಲವೇ, ಆ ಒಂದು ನನಗೇ ಯಾಕೆ ಬೀಳುತ್ತದೆ ಅಂದುಕೊಂಡೆ. ನನಗೇ ಬಿತ್ತು. ನಾಲ್ಕು ಪ್ರಶ್ನೆ ಬರೆದು ಅರವತ್ತಾರು ತೆಗೆದುಕೊಂಡು ಮನೆಗೆ ಬಂದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಏಳು ಓದಿದರೆ ಅಪಾಯವೇ ಇಲ್ಲ. ಎರಡು ಹೋದರೂ ಐದು ಉಳಿಯುತ್ತದೆ. ಹಳೆಯ ಆರನ್ನು ಮಸೆದುಕೊಂಡು, ಹೊಸದಾಗಿ ಒಂದನ್ನು ಕಲಿಯುವಷ್ಟು ಮಾತ್ರ ನನಗೆ ಪುರುಸೊತ್ತಿದೆ. ಆ ಏಳನೆಯದು ಯಾವುದಿರಲಿ? ಉಳಿದಿರುವುದು ಶಾಖದ ಹರಿವು, ದ್ರವದ ಹರಿವು, ತೊಲೆಯ ಬಾಗು, ಕಂಪನ. ನೀನು ಇನ್ಸ್‌ಪೆಕ್ಟರ್ ಆಗಿ ಮೂರು ವರ್ಷವಾಯಿತು, ನಿನಗೆ ಗೊತ್ತಿರುತ್ತದೆ. ಕಂಪನ ಒಂದನ್ನು ಬಿಟ್ಟು ಯಾವುದನ್ನಾದರೂ ಹೇಳು.

ನಿನ್ನ ಲಾಕರಿನಲ್ಲಿ ಮೇಸ್ತ್ರಿ ಹಳೆಯ ಬೇರಿಂಗು ತುಂಬಿದ್ದಾರೆ. ವರ್ಕ್‌ಶಾಪಿನಲ್ಲಿ ನಾನೊಬ್ಬಳೇ ಹೆಂಗಸು ಈಗ. ಅತ್ತೆ ಕೇಳಿದರು: “ಆ ಗೆರೆ ಎಳೀತಿದ್ದ ಹುಡುಗಿ ಎಲ್ಲೇ?” ದೊಡ್ಡವಳಾದಳು ಅಂದೆ.

ಕೈ ಒರೆಸಿಕೊಂಡೇ ಬರೆದಿದ್ದೇನೆ, ಆದರೂ ಕಲೆ ಬಿದ್ದಿದೆ,
ಗ್ರೀಸಮ್ಮ

೨೩ ಜೂನ್

ಪ್ರೀತಿಯ ಗ್ರೀಸಮ್ಮ,

ನಿನ್ನ ಕಾಗದವನ್ನು ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಉತ್ತರ ತಡವಾಯಿತು. ತಪಾಸಣೆ, ಓಡಾಟ ಅಂತ ನೆಪ ಹೇಳಬಹುದು, ಹೇಳುವುದಿಲ್ಲ. ಮೂರು ಸಲ ಬರೆದು ಮೂರು ಸಲ ಹರಿದೆ.

ನಿನ್ನ ಲೆಕ್ಕ ಸರಿ. ನಿನ್ನ ಸಂಭವನೀಯತೆ ಯಾವತ್ತು ತಪ್ಪಿತ್ತು? ನನಗೆ ಅದನ್ನು ಕಲಿಸಿದವಳೂ ನೀನೇ. ಊಟದ ವಿರಾಮದಲ್ಲಿ ನಟ್ಟು ಬೋಲ್ಟುಗಳನ್ನು ಡಬ್ಬಿಯಲ್ಲಿ ಕಲಸಿ, ಕಣ್ಣು ಮುಚ್ಚಿಸಿ ತೆಗೆಸುತ್ತಿದ್ದೆಯಲ್ಲ. ಇಲ್ಲಿ ಆಫೀಸಿನಲ್ಲಿ ಎಷ್ಟು ಲಿಫ್ಟುಗಳಲ್ಲಿ ಎಷ್ಟನ್ನು ಬಿಚ್ಚಿ ನೋಡಬೇಕು ಎಂದು ತೀರ್ಮಾನಿಸುವಾಗ ಇವತ್ತಿಗೂ ನನ್ನ ಕಣ್ಣ ಮುಂದೆ ಆ ಡಬ್ಬಿ ಬರುತ್ತದೆ. ನೀನು ಕಲಿಸಿದ ವಿಷಯಗಳಿಲ್ಲದಿದ್ದರೆ ನಾನು ಪಾಸಾಗುತ್ತಿರಲಿಲ್ಲ. ಇದನ್ನು ಅವತ್ತೇ ಹೇಳಬೇಕಿತ್ತು.

ಏಳನೆಯದು ಕಂಪನವೇ ಇರಲಿ. ಶಾಖಕ್ಕೆ ಎರಡು ತಿಂಗಳು ಬೇಕು, ದ್ರವಕ್ಕೆ ಅದಕ್ಕಿಂತ ಹೆಚ್ಚು, ತೊಲೆ ಬಾಯಿಪಾಠದ ವಿಷಯ, ನಿನಗೆ ಬಾಯಿಪಾಠ ಅಂದರೆ ಅಲರ್ಜಿ. ಕಂಪನ ದಿನವೂ ನಿನ್ನ ಕಾಲ ಕೆಳಗಿದೆ. ಬೇರೆ ಕಾರಣಗಳೂ ಇವೆ. ಸದ್ಯ ಕೇಳಬೇಡ.

ಅತ್ತೆಗೆ ನನ್ನ ನಮಸ್ಕಾರ ಹೇಳು. ನಾನೇನೂ ದೊಡ್ಡವಳಾಗಿಲ್ಲ.

ಇಂತಿ,
ಗೆರೆಯಮ್ಮ

೫ ಜುಲೈ

ಗೆರೆಯಮ್ಮ,

“ಕೇಳಬೇಡ” ಅಂದರೆ ನಾನು ಕೇಳದೆ ಇದ್ದ ದಿನ ಯಾವುದಾದರೂ ಇದೆಯೇ? ಬೀಗ ಹಾಕಿದ ಪೆಟ್ಟಿಗೆ ಕಂಡರೆ ಮೊದಲು ಅಲ್ಲಾಡಿಸಿ ನೋಡುವವಳು ನಾನು. ಏನು ಬೇರೆ ಕಾರಣ?

ಕಂಪನ ನನಗಾಗದು ಅನ್ನುವುದಕ್ಕೆ ನನ್ನ ಹತ್ತಿರ ಸಾಕ್ಷಿಯಿದೆ. ಮೊದಲ ಸಲ ನಾವಿಬ್ಬರೂ ಹತ್ತು ವಿಷಯವನ್ನು ಐದೈದಾಗಿ ಹಂಚಿಕೊಂಡು ಒಬ್ಬರಿಗೊಬ್ಬರು ಕಲಿಸಿದೆವು. ನನ್ನ ಪಾಲಿನದು ನಿನಗೆ ಹತ್ತಿತು. ನಿನ್ನ ಪಾಲಿನ ಕಂಪನವನ್ನು ನೀನು ತಿಂಗಳುಗಟ್ಟಲೆ ತಾಳ್ಮೆಯಿಂದ ಕಲಿಸಿದೆ. ನಾನು ನಿನ್ನ ನೋಟ್‌ಬುಕ್ಕನ್ನು ಅಕ್ಷರ ಅಕ್ಷರ ಬಾಯಿಪಾಠ ಮಾಡಿದೆ. ಹೂಂ, ನಾನೇ, ಬಾಯಿಪಾಠ! ಬಂದದ್ದು ಇಪ್ಪತ್ತಕ್ಕೆ ಎರಡು. ಉಳಿದ ನಾಲ್ಕರಲ್ಲಿ ಅರವತ್ತೆರಡು. ಆ ಒಂದು ಪ್ರಶ್ನೆಯಲ್ಲಿ ಅರ್ಧ ಬಂದಿದ್ದರೂ ನಿನ್ನ ಜೊತೆಯಲ್ಲೇ ಪಾಸಾಗುತ್ತಿದ್ದೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಹಾಗನ್ನಲಿಲ್ಲ, ನನ್ನ ಕಾಲೇ ಡೊಂಕು ಅಂದುಕೊಂಡೆ. ಅದಕ್ಕೇ ನಿನಗೆ ಬರೆಯಲಿಲ್ಲ ಗೊತ್ತಾ? ಹೊಟ್ಟೆಕಿಚ್ಚು ಅಂತ ನೀನು ತಿಳಿದಿರಬಹುದು. ಅದೂ ಸ್ವಲ್ಪ ಇತ್ತು, ಸುಳ್ಳು ಹೇಳಲಾರೆ. ಹೆಚ್ಚಿಗೆ ಇದ್ದದ್ದು ನಾಚಿಕೆ. ಅಷ್ಟು ಕಲಿಸಿದರೂ ತಲೆಗೆ ಹತ್ತದವಳು ನಿನ್ನ ಮುಂದೆ ಹೇಗೆ ನಿಲ್ಲಲಿ ಅನ್ನಿಸುತ್ತಿತ್ತು.

ದ್ರವದ ಹರಿವು ಶುರು ಮಾಡಿದ್ದೇನೆ. ಪಾತ್ರೆ ತೊಳೆಯುವ ಬಚ್ಚಲಿನಲ್ಲಿ ನೀರು ಸುತ್ತಿ ಸುತ್ತಿ ಇಳಿಯುವುದನ್ನು ಎಷ್ಟು ಹೊತ್ತು ನೋಡಿದೆನೆಂದರೆ, “ಏನು ಬಿದ್ದುಹೋಯ್ತೇ, ಉಂಗುರಾನಾ?” ಎಂದು ಅತ್ತೆ ಓಡಿಬಂದರು. ವಿಷಯ ಚೆನ್ನಾಗಿದೆ. ಆದರೆ ನೀನು ಹೇಳಿದ್ದು ನಿಜ, ನವೆಂಬರಿನೊಳಗೆ ಮುಗಿಯುವಂಥದ್ದಲ್ಲ.

ಕಾರಣ ಬೇಕು.
ಗ್ರೀಸಮ್ಮ

೧ ಆಗಸ್ಟ್

ಗ್ರೀಸಮ್ಮ,

ಕಾರಣ ಹೇಳುತ್ತೇನೆ. ಅದಕ್ಕೆ ಮೊದಲು ನನಗಾಗಿ ಒಂದು ಕೆಲಸ ಮಾಡು. ಗುಜರಿ ಮೂಲೆಯಿಂದ ಹಳೆಯ ಬಾಗಿಲಿನ ಉದ್ದನೆಯ ಸ್ಪ್ರಿಂಗ್ ಒಂದನ್ನು ತೆಗೆದುಕೊಂಡು ಎಲ್ಲಾದರೂ ಎತ್ತರದಲ್ಲಿ ನೇತುಹಾಕು. ಐದು ಕಿಲೋದ ತೂಕದ ಕಲ್ಲು ಒಂದನ್ನು ಕಟ್ಟಿ, ಸ್ವಲ್ಪ ಎಳೆದು ಬಿಡು. ಹತ್ತು ಸಲ ಮೇಲೆ ಕೆಳಗೆ ಆಡಲು ಎಷ್ಟು ಸೆಕೆಂಡು ಬೇಕೋ ನೋಡು. ಆಮೇಲೆ ಅಂಥವೇ ನಾಲ್ಕು ಕಲ್ಲನ್ನು ಒಟ್ಟಿಗೆ ಕಟ್ಟಿ ಮತ್ತೆ ಎಣಿಸು.

ನಮ್ಮ ನೋಟ್‌ಬುಕ್ಕನ್ನು ಮೊದಲು ತೆರೆಯಬೇಡ. ಮೊದಲು ಎಣಿಸು, ಆಮೇಲೆ ತೆರೆ.

ಇಷ್ಟೇ ಬರೆಯಲು ಆಗುತ್ತಿದೆ,
ಗೆರೆಯಮ್ಮ

೧೭ ಆಗಸ್ಟ್

ಗೆರೆಯಮ್ಮ,

ಮಾಡಿದೆ.

ಅಡುಗೆಮನೆಯ ಬಾಗಿಲ ಮೇಲಿನ ಕೊಕ್ಕೆಗೆ ಸ್ಪ್ರಿಂಗ್ ಸಿಕ್ಕಿಸಿದೆ. ಅತ್ತೆ ಕುರ್ಚಿ ಹಾಕಿಕೊಂಡು ಎಣಿಸಲು ಕೂತರು, ನಾನು ಗಡಿಯಾರ ಹಿಡಿದೆ. ಮೊದಲ ಸಲ ಏಳಕ್ಕೆ ಬಂದಾಗ ಪಕ್ಕದ ಮನೆಯಾಕೆ ಕರೆದದ್ದರಿಂದ ಎಣಿಕೆ ತಪ್ಪಿತು. ಎರಡನೆಯ ಸಲ ಎಂಟು ಸೆಕೆಂಡು. ಮೂರನೆಯ ಸಲವೂ ಎಂಟೇ. ನಾಲ್ಕು ಕಲ್ಲು ಕಟ್ಟಿದಾಗ ಸ್ಪ್ರಿಂಗು ಮಂಡಿಯ ತನಕ ಇಳಿಯಿತು, ಕೊಕ್ಕೆ ಕಿರುಗುಟ್ಟಿತು, ಅತ್ತೆ ಕಾಲು ಮೇಲೆತ್ತಿಕೊಂಡರು. ಹದಿನಾರು ಸೆಕೆಂಡು. ತೂಕ ನಾಲ್ಕು ಪಟ್ಟಾದರೆ ಸಮಯ ಸರಿಯಾಗಿ ಎರಡು ಪಟ್ಟು! ಒಂಬತ್ತು ಸಲ ಮಾಡಿದೆ. ಇಷ್ಟು ಕರಾರುವಾಕ್ಕಾಗಿ ಒಂದು ತುಕ್ಕು ಹಿಡಿದ ಸ್ಪ್ರಿಂಗು ವರ್ಗಮೂಲ ತೆಗೆಯುತ್ತದೆಂದರೆ ನನಗೆ ಮೈ ಜುಮ್ಮೆಂದಿತು. ಊಟ ತಣ್ಣಗಾದರೂ ಎದ್ದು ಹೋಗಲು ಮನಸ್ಸಾಗಲಿಲ್ಲ.

ಆಮೇಲೆ ನೋಟ್‌ಬುಕ್ ತೆರೆದೆ. ಅದರ ಪ್ರಕಾರ ನಾಲ್ಕು ಕಲ್ಲು ಕಟ್ಟಿದಾಗ ನಾಲ್ಕೇ ಸೆಕೆಂಡು ಬರಬೇಕು. ಅಂದರೆ ಭಾರವಾದಷ್ಟೂ ಬೇಗ ಬೇಗ ಕುಣಿಯಬೇಕು. ನಾನೇ ಏನೋ ತಪ್ಪು ಮಾಡಿದೆ ಎಂದು ಹತ್ತನೆಯ ಸಲ ಕಟ್ಟಲು ಹೊರಟೆ. ಅತ್ತೆ ಅಂದರು: “ಭಾರ ಆದ್ರೆ ನಿಧಾನ ಆಗ್ಲೇಬೇಕಲ್ಲೇ. ನಾನು ಮೆಟ್ಟಿಲು ಹತ್ತೋದು ನೋಡಿಲ್ವಾ?”

ಆಗ ಕೂತುಕೊಂಡೆ. ಸ್ಪ್ರಿಂಗಿನ ಬಿಗಿಯನ್ನು ತೂಕದಿಂದ ಭಾಗಿಸಬೇಕು. ನಿನ್ನ ನೋಟ್‌ಬುಕ್ಕಿನಲ್ಲಿ ತೂಕ ಮೇಲಿದೆ, ಬಿಗಿ ಕೆಳಗಿದೆ. ತಲೆಕೆಳಗು. ಮೊದಲ ಪುಟದಲ್ಲೇ ತಲೆಕೆಳಗು, ಮುಂದಿನ ನಲವತ್ತು ಪುಟವೂ ಅದರ ಮೇಲೇ ಕಟ್ಟಿದ್ದು.

ಜನ ತುಂಬಿದ ಲಿಫ್ಟು ನಿಧಾನವಾಗಿ ತೂಗುತ್ತದೆ, ಖಾಲಿ ಲಿಫ್ಟು ಗಡಗಡ ಅನ್ನುತ್ತದೆ. ಹದಿನೆಂಟು ವರ್ಷದಿಂದ ನನ್ನ ಅಂಗಾಲಿಗೆ ಇದು ಗೊತ್ತು. ಆದರೂ ನೋಟ್‌ಬುಕ್ಕನ್ನೇ ನಂಬಿದೆ. ಯಾಕೆಂದರೆ ನಿನ್ನ ಅಕ್ಷರ ದುಂಡಗಿತ್ತು, ಕೆಳಗೆ ಸ್ಕೇಲಿಟ್ಟು ಎಳೆದ ಕೆಂಪು ಗೆರೆ ಇತ್ತು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ನನ್ನ ಕೈಯಿಂದಲೇ ಇದನ್ನು ಹುಡುಕಿಸಿದೆ ಅಲ್ಲವೇ? ನಕಲು ಮಾಡುವಾಗ ತಪ್ಪುವುದು ಸಹಜ, ಅದಕ್ಕೆ ನನಗೆ ಕೋಪವಿಲ್ಲ. ಆದರೆ ಅವತ್ತು ನೀನು ಅದೇ ಪ್ರಶ್ನೆ ಬರೆದು ಹದಿನೆಂಟು ತೆಗೆದೆ. ನಿನಗೆ ಇದು ಗೊತ್ತಾದದ್ದು ಯಾವಾಗ? ಬೇರೆ ಏನೂ ಬರೆಯಬೇಡ, ಅದಿಷ್ಟೇ ಬರೆ.

ಗ್ರೀಸಮ್ಮ

೪ ಸೆಪ್ಟೆಂಬರ್

ಗ್ರೀಸಮ್ಮ,

ಪರೀಕ್ಷೆಯ ದಿನ ಬೆಳಗ್ಗೆ.

ಅದಿಷ್ಟೇ ಬರೆ ಅಂದಿದ್ದೀಯ. ಆದರೆ ಅದಿಷ್ಟೇ ಬರೆದರೆ ಮತ್ತೆ ಅರ್ಧ ಮುಚ್ಚಿಟ್ಟಂತೆ.

ನಾನು ಹತ್ತಿದಾಗ ಬಸ್ಸು ಖಾಲಿಯಿತ್ತು, ಹಲ್ಲು ಕಟಕಟ ಅನ್ನುವಂತೆ ಅದುರುತ್ತಿತ್ತು. ನಾಲ್ಕು ಸ್ಟಾಪು ಕಳೆಯುವಷ್ಟರಲ್ಲಿ ತುಂಬಿಹೋಯಿತು. ಆಗ ಅದುರು ನಿಂತು, ಬಸ್ಸು ನಿಧಾನವಾಗಿ ಏಳತೊಡಗಿತು, ಇಳಿಯತೊಡಗಿತು. ನಮ್ಮ ನೋಟ್‌ಬುಕ್ ಹೇಳುವುದಕ್ಕೆ ತದ್ವಿರುದ್ಧ. ಯಾರದೋ ಮೊಣಕೈ ಬೆನ್ನಿಗೆ ಚುಚ್ಚುತ್ತಿದ್ದರೂ ಟಿಕೆಟ್ಟಿನ ಹಿಂದೆ ಮೊದಲಿನಿಂದ ಲೆಕ್ಕ ಮಾಡಿದೆ. ಲೈಬ್ರರಿಯ ಪುಸ್ತಕದಿಂದ ಇಳಿಸಿಕೊಳ್ಳುವಾಗಲೇ ತಿರುಗಿಸಿ ಬರೆದುಬಿಟ್ಟಿದ್ದೆ. ನಾಲ್ಕು ತಿಂಗಳು ನಿನಗೆ ಅದನ್ನೇ ಕಲಿಸಿದ್ದೆ.

ಇಳಿದು ಓಡಿದೆ. ನೀನು ಗೇಟಿನ ಹತ್ತಿರ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಾ ನಿಂತಿದ್ದೆ. “ಒಂದ್ ನಿಮಿಷ ಕೇಳು” ಅಂದೆ. ನೀನು ಕೈ ಅಡ್ಡ ಹಿಡಿದು, “ಏನೂ ಹೇಳ್ಬೇಡ ಕಣೇ. ಈಗ ಒಂದಕ್ಷರ ಒಳಗೆ ಹೋದ್ರೆ ಹತ್ತು ಆಚೆ ಬೀಳುತ್ತೆ” ಅಂದೆ. ನೀನು ನಕ್ಕೆ. ನಾನೂ ನಕ್ಕೆ. ಆಮೇಲೆ ಗಂಟೆ ಹೊಡೆಯಿತು.

ನೀನೇ ಬೇಡ ಅಂದೆ ಎಂದು ಮೂರು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸಾಲದು. “ತಿರುಗಿಸಿ ಬರಿ” ಅನ್ನಲು ಎಷ್ಟು ಹೊತ್ತು ಬೇಕಿತ್ತು? ನಿನ್ನ ಭುಜ ಹಿಡಿದು ಅಲ್ಲಾಡಿಸಿ ಹೇಳಬಹುದಿತ್ತು. ಅಷ್ಟು ಸುಲಭವಾಗಿ ಸುಮ್ಮನಾದೆನಲ್ಲ, ಅದು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ವರ್ಕ್‌ಶಾಪಿನಲ್ಲಿ ಯಾವಾಗಲೂ ನೀನು ಮುಂದೆ, ನಾನು ನಿನ್ನ ಹಿಂದೆ ಟಾರ್ಚು ಹಿಡಿದವಳು. ಒಂದೇ ಒಂದು ಸಲ ನಾನು ಮುಂದಿರಲಿ ಅನ್ನುವ ಆಸೆ ಆ ಗಳಿಗೆಯಲ್ಲಿ ನನ್ನೊಳಗೆ ಇತ್ತೋ ಇಲ್ಲವೋ ನನಗೆ ನಿಜವಾಗಿ ಗೊತ್ತಿಲ್ಲ. ಇರಲಿಲ್ಲ ಎಂದು ಆಣೆ ಮಾಡಲು ಧೈರ್ಯ ಬರುತ್ತಿಲ್ಲ.

ಫಲಿತಾಂಶ ಬಂದಾಗ ಹೇಳಬೇಕಿತ್ತು. ಮೊದಲು ಒಂದು ವಾರ ಮುಂದೂಡಿದೆ, ವಾರ ವರ್ಷವಾಯಿತು. ಬಿಸಿ ತುಪ್ಪ, ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ನೀನು ನಿನ್ನ ತಲೆಯನ್ನೇ ದೂರುತ್ತಾ ಕೂತಿದ್ದೀಯ ಎಂದು ಮಾತ್ರ ನನಗೆ ಹೊಳೆದಿರಲಿಲ್ಲ. ಜುಲೈ ತಿಂಗಳ ನಿನ್ನ ಕಾಗದ ಓದಿ ಆಫೀಸಿನಲ್ಲೇ ಅತ್ತುಬಿಟ್ಟೆ.

ಕ್ಷಮಿಸು ಎಂದು ಕೇಳುವುದು ತೀರಾ ಅಗ್ಗವಾಗುತ್ತದೆ. ಆದರೂ ಕೇಳುತ್ತಿದ್ದೇನೆ.

ಗೆರೆಯಮ್ಮ

೧೧ ಅಕ್ಟೋಬರ್

ಗೆರೆಯಮ್ಮ,

ಐದು ವಾರ ನಿನಗೆ ಬರೆಯಬಾರದು ಎಂದು ಹಟ ಹಿಡಿದಿದ್ದೆ. ನಿನ್ನ ಕಾಗದವನ್ನು ಹಗ್ಗದ ತುಂಡುಗಳ ಡಬ್ಬಿಯಲ್ಲಿ ಹಾಕಿ ಮುಚ್ಚಳ ತಿರುಗಿಸಿದೆ. ಮತ್ತೆ ತೆಗೆದೆ, ಮತ್ತೆ ಹಾಕಿದೆ. ಅತ್ತೆಗೆ ವಿಷಯ ಹೇಳಿದೆ. ಅವರು ನಿನ್ನನ್ನು ಬೈಯುತ್ತಾರೆ, ನನಗೆ ತಂಪಾಗುತ್ತದೆ ಅಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ: “ನೀನ್ಯಾಕೆ ಹೇಳ್ಬೇಡ ಅಂದೆ?” ಇಬ್ಬರ ಮೇಲೂ ಕೋಪ ಬಂದು ಅವತ್ತು ಊಟ ಬಿಟ್ಟೆ.

ಇನ್ಸ್‌ಪೆಕ್ಟರ್ ಕೆಲಸ ಕೈತಪ್ಪಿದ್ದಕ್ಕೆ ನನಗೆ ಅಷ್ಟು ದುಃಖವಿಲ್ಲ ಕಣೆ. ಗ್ರೀಸಿನ ಕೈಗೂ ಅನ್ನ ಹುಟ್ಟುತ್ತದೆ. ಆದರೆ ಮೂರು ವರ್ಷ ನಾನು ದಡ್ಡಿ ಎಂದು ನಂಬಿಕೊಂಡು ಬದುಕಿದೆ. ಮೇಸ್ತ್ರಿ ಏನಾದರೂ ಲೆಕ್ಕ ಕೇಳಿದರೆ “ಬೇರೆಯವರನ್ನ ಕೇಳಿ” ಅನ್ನುತ್ತಿದ್ದೆ. ಹೊಸ ಲಿಫ್ಟಿನ ಕಾಗದ ಬಂದರೆ ಓದುವುದನ್ನೇ ಬಿಟ್ಟೆ. ಅದನ್ನು ನೀನು ನನ್ನಿಂದ ತೆಗೆದುಕೊಂಡೆ, ಅದಕ್ಕೆ ಕೋಪ. ಅದು ಇನ್ನೂ ಇದೆ. ಯಾವಾಗ ಹೋಗುತ್ತದೋ ನನಗೂ ತಿಳಿಯದು.

ಹಾಗಾದರೆ ಈಗ ಯಾಕೆ ಬರೆಯುತ್ತಿದ್ದೇನೆ ಅನ್ನುತ್ತೀಯಾ? ನಾಚಿಕೆಗೇಡು, ಆದರೆ ಕೇಳದೆ ಇರಲಾಗುತ್ತಿಲ್ಲ. ಏಳನೆಯದಾಗಿ ಕಂಪನವನ್ನೇ ಹಿಡಿದಿದ್ದೇನೆ. ನಲವತ್ತು ಪುಟವನ್ನೂ ತಿರುಗಿಸಿ ಮತ್ತೆ ಬರೆದೆ. ಎಲ್ಲ ಸಲೀಸಾಗಿ ಬಂತು, ಇಷ್ಟು ಸುಲಭವೇ ಎಂದು ಅನುಮಾನ ಬರುವಷ್ಟು. ಒಂದು ಕಡೆ ಮಾತ್ರ ಸಿಕ್ಕಿಕೊಂಡಿದ್ದೇನೆ. ನಮ್ಮ ಸಮೀಕರಣದ ಪ್ರಕಾರ ಸ್ಪ್ರಿಂಗನ್ನು ಒಮ್ಮೆ ಎಳೆದು ಬಿಟ್ಟರೆ ಅದು ಪ್ರಪಂಚ ಮುಗಿಯುವ ತನಕ ಕುಣಿಯುತ್ತಿರಬೇಕು. ಅಡುಗೆಮನೆಯಲ್ಲಿ ಎರಡು ನಿಮಿಷಕ್ಕೆ ನಿಲ್ಲುತ್ತದೆ. ಲಿಫ್ಟಂತೂ ಬಾಗಿಲು ತೆರೆಯುವಷ್ಟರಲ್ಲಿ ನಿಂತಿರುತ್ತದೆ. ಆ ನಿಲ್ಲುವಿಕೆ ಲೆಕ್ಕದಲ್ಲಿ ಎಲ್ಲಿ ಬರುತ್ತದೆ? ನಮ್ಮ ನೋಟ್‌ಬುಕ್ಕಿನಲ್ಲಿ ಅದು ಇಲ್ಲವೇ ಇಲ್ಲ. ಪಠ್ಯಕ್ರಮದಲ್ಲಿದೆ.

ಪರೀಕ್ಷೆಗೆ ಐದು ವಾರ ಇದೆ. ಬೇಗ ಬರೆ. ಬೇರೆ ಮಾತು ಬೇಡ.

ಗ್ರೀಸಮ್ಮ

೧೮ ಅಕ್ಟೋಬರ್

ಗ್ರೀಸಮ್ಮ,

ಬೇರೆ ಮಾತಿಲ್ಲ. ಆರು ಪುಟದ ಉತ್ತರ ಜೊತೆಗಿದೆ. ಚಲಿಸುವ ವಸ್ತುವನ್ನು ತಡೆಯುವ ಬಲ ಅದರ ವೇಗದ ಜೊತೆ ಏರುತ್ತದೆ ಎಂದು ಇನ್ನೊಂದು ಪದ ಸೇರಿಸಬೇಕು, ಅಲ್ಲಿಂದ ನಿಲ್ಲುವಿಕೆ ಹುಟ್ಟುತ್ತದೆ. ಯಾವ ಪುಸ್ತಕದಿಂದಲೂ ಇಳಿಸಿಕೊಂಡಿಲ್ಲ, ಮೊದಲ ಸಾಲಿನಿಂದ ನಾನೇ ಮಾಡಿದ್ದೇನೆ. ಆದರೂ ನಂಬಬೇಡ. ಒಂದೊಂದು ಸಾಲನ್ನೂ ನೀನೇ ಮಾಡಿ ನೋಡು.

ಈ ಸಲ ಎಲ್ಲೂ ಕೆಂಪು ಗೆರೆ ಎಳೆದಿಲ್ಲ. ಸರಿ ಅನ್ನಿಸಿದ ಕಡೆ ನೀನೇ ಎಳೆದುಕೋ.

ಗೆರೆಯಮ್ಮ

೨೨ ಡಿಸೆಂಬರ್

ಪ್ರೀತಿಯ ಗೆರೆಯಮ್ಮ,

ನಿನ್ನ ಉತ್ತರದ ನಾಲ್ಕನೆಯ ಪುಟದಲ್ಲಿ ನೀನು ಒಂದು ಋಣ ಚಿಹ್ನೆ ಬಿಟ್ಟಿದ್ದೆ. ನಾನು ಹಿಡಿದೆ. ಅವತ್ತೇ ಬರೆಯಬಹುದಿತ್ತು, ಬೇಕೆಂದೇ ಬರೆಯಲಿಲ್ಲ. ಎರಡು ತಿಂಗಳು ನನ್ನಲ್ಲೇ ಇಟ್ಟುಕೊಂಡು ಸುಖಪಟ್ಟೆ. ಗೊತ್ತಿದ್ದೂ ಹೇಳದೆ ಇರುವುದರಲ್ಲಿ ಎಂಥ ಕೆಟ್ಟ ಸುಖ ಇದೆ ಎಂದು ಅಷ್ಟರಿಂದ ಅರ್ಥವಾಯಿತು.

ಪರೀಕ್ಷೆಯ ವಿಷಯ ಕೇಳು. ಪೇಪರು ತೆರೆದೆ, ಕಣ್ಣು ಕತ್ತಲೆ ಬಂತು. ಸರದಿ ಸಾಲು ಇಲ್ಲ! ಅಂದಾಜು ವಿಧಾನ ಇಲ್ಲ! ನನ್ನ ಏಳರಲ್ಲೇ ಎರಡೂ ಹೋಗಿದ್ದವು, ಅದೂ ನನ್ನ ಪ್ರಾಣದಂಥ ಎರಡು. ಹಾಗಾಗುವ ಸಂಭವ ನಲವತ್ತೈದರಲ್ಲಿ ಇಪ್ಪತ್ತೊಂದು. ಅರ್ಧಕ್ಕೂ ತುಸು ಕಡಿಮೆ, ಹಣೆಬರಹವನ್ನು ಬೈಯುವ ಹಾಗಿಲ್ಲ. ಉಳಿದದ್ದು ಐದೇ ಐದು, ಐದನೆಯದು ಕಂಪನ. ಆರು ಜನ ಹತ್ತಿದ ಲಿಫ್ಟು ನಿಂತ ಮೇಲೆ ನಡುಗಿ ನಡುಗಿ ಎಷ್ಟು ಹೊತ್ತಿಗೆ ತಣ್ಣಗಾಗುತ್ತದೆ ಎಂದು ಕೇಳಿದ್ದರು. ಓದಿ ನಗು ಬಂತು. ಮೇಲ್ವಿಚಾರಕರು ಹತ್ತಿರ ಬಂದು ನನ್ನ ಮೇಜಿನ ಕೆಳಗೆ ಬಗ್ಗಿ ನೋಡಿದರು.

ಹೋದ ವಾರ ಫಲಿತಾಂಶ ಬಂತು. ಎಂಬತ್ತಮೂರು. ನಿನಗಿಂತ ಎರಡು ಜಾಸ್ತಿ, ಇದನ್ನು ಎರಡು ಸಲ ಓದಿಕೋ. ಅತ್ತೆ ಬೀದಿಗೆಲ್ಲ ಹೇಳಿಕೊಂಡು ಬಂದರು. ಎಣಿಸಿಕೊಟ್ಟವರು ತಾವೇ ಎಂದೂ ಹೇಳಿದರಂತೆ. ಮೇಸ್ತ್ರಿ ನನ್ನ ಲಾಕರಿನ ಬೀಗದ ಕೈಯನ್ನು ಈಗಲೇ ಕೇಳುತ್ತಿದ್ದಾರೆ.

ಮೊದಲ ಆರು ತಿಂಗಳು ಹೊಸ ಇನ್ಸ್‌ಪೆಕ್ಟರು ಹಳಬರೊಬ್ಬರ ಜೊತೆ ತಪಾಸಣೆ ಮಾಡಬೇಕು, ವರದಿಗೆ ಇಬ್ಬರ ಸಹಿಯೂ ಬೇಕು. ಯಾವ ಆಫೀಸು ಬೇಕೆಂದು ಫಾರಂನಲ್ಲಿ ಕೇಳಿದ್ದರು. ಮೂರು ದಿನ ಆ ಜಾಗವನ್ನು ಖಾಲಿ ಬಿಟ್ಟಿದ್ದೆ. ಇವತ್ತು ನಿನ್ನ ಆಫೀಸಿನ ಹೆಸರು ಬರೆದು ಕೊಟ್ಟು ಬಂದೆ. ಕೋಪ ಪೂರ್ತಿ ಹೋಗಿದೆ ಎಂದು ತಿಳಿಯಬೇಡ. ಆದರೆ ನಿನ್ನ ಜೊತೆ ಕೂತು ಮಾಡಿದಷ್ಟು ಖುಷಿಯಾಗಿ ನಾನು ಇನ್ಯಾರ ಜೊತೆಗೂ ಲೆಕ್ಕ ಮಾಡಿಲ್ಲ.

ನಿನ್ನ ಪ್ರತಿ ಲೆಕ್ಕವನ್ನೂ ನಾನು ಇನ್ನೊಮ್ಮೆ ಮಾಡಿ ನೋಡುತ್ತೇನೆ, ಬೇಜಾರು ಮಾಡಿಕೊಳ್ಳಬಾರದು. ನನ್ನದನ್ನು ನೀನು ನೋಡು. ಅದರಲ್ಲಿ ಜನರ ಜೀವ ಇರುತ್ತದೆ. ನಾನು ಕೈ ಅಡ್ಡ ಹಿಡಿಯುತ್ತೇನೆ, ರೇಗುತ್ತೇನೆ, ಈಗ ಬೇಡ ಅನ್ನುತ್ತೇನೆ, ನನ್ನ ಸ್ವಭಾವ ನಿನಗೆ ಗೊತ್ತು.

ಆದರೂ ಹೇಳು.

ಜನವರಿ ಎರಡರ ಬೆಳಗ್ಗೆ ಬರುವವಳು,
ಗ್ರೀಸಮ್ಮ